ನದಿಗೆ ಇಳಿಯಲು ಪರವಾನಗಿ, ದಡದಲ್ಲಿ ನಿಲ್ಲಲು ಜಾಗ

ವ್ಯವಹಾರ ಅಧ್ಯಯನದಲ್ಲಿ ಸಾರಿಗೆಯ ಬಗ್ಗೆ ಬರೆಯುವಾಗ ನಾವೆಲ್ಲ ರಸ್ತೆ, ರೈಲು, ಜಲ, ವಾಯು ಎಂದು ನಾಲ್ಕು ಬಗೆ ಬರೆಯುತ್ತೇವೆ. ರಸ್ತೆಗೆ ಉದಾಹರಣೆ ಕೇಳಿದರೆ ಸಿಂಧನೂರಿನ ಅಕ್ಕಿ ಹೊತ್ತ ಲಾರಿಗಳನ್ನು ತೋರಿಸುತ್ತೇವೆ. 2024ರಿಂದ ರೈಲೂ ನಮ್ಮೂರಿಗೆ ಬಂದಿದೆ. ಜಲಸಾರಿಗೆ ಎಂದ ಕೂಡಲೇ ಮಾತ್ರ ಮುಂಬಯಿ, ಕೊಚ್ಚಿ, ಮಂಗಳೂರು ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ನಮ್ಮ ತಾಲ್ಲೂಕಿನ ಒಂದು ಅಂಚಿನಲ್ಲಿ ತುಂಗಭದ್ರಾ ಹರಿಯುತ್ತದೆ. ಪಕ್ಕದ ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುವೆ ಜನರಿರುವ ಗಡ್ಡಿಗಳಿವೆ. ಊರಿನ ಪಕ್ಕದಲ್ಲೇ 227 ಕಿಲೋಮೀಟರ್ ಉದ್ದದ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ಇಷ್ಟು ನೀರಿದ್ದೂ ದೋಣಿಗಳು ಏಕಿಲ್ಲ? ಇದ್ದ ಹರಗೋಲಿಗೆ ಪರವಾನಗಿ ಬೇಕೇ? ಅದನ್ನು ಕೊಡುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಓದಿ ತಿಳಿದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪದಗಳು

ನಮ್ಮ ಮನೆಯ ಭಾಷೆ ಉರ್ದು. ಹಾಗಾಗಿ ಈ ವಿಷಯ ಓದುವಾಗ ಒಂದು ಸಂಗತಿ ಬೇಗ ಕಣ್ಣಿಗೆ ಬಿತ್ತು. ಕನ್ನಡದಲ್ಲಿ ನಾವು ಬಳಸುವ ‘ಪರವಾನಗಿ’, ‘ಲಂಗರು’, ‘ಬಂದರು’, ‘ರಸೀದಿ’, ‘ಹರಾಜು’ ಎಲ್ಲವೂ ಪಾರಸಿ, ಅರಬ್ಬಿಯಿಂದ ಬಂದ ಪದಗಳು. ಹಡಗಿನ ವ್ಯಾಪಾರಿಗಳ ಮತ್ತು ಹಳೆಯ ಕಚೇರಿಗಳ ಮೂಲಕ ಬಂದು ಕನ್ನಡದಲ್ಲೇ ನೆಲೆ ನಿಂತಿವೆ. ದಡದ ಜನರ ‘ಹರಗೋಲು’, ‘ತೆಪ್ಪ’, ‘ಕಡವು’, ‘ಹುಟ್ಟು’ ಮಾತ್ರ ಇಲ್ಲಿಯ ಮಣ್ಣಿನವೇ. ಅಂದರೆ ದೋಣಿಯ ಹೆಸರು ನದಿಯಿಂದ ಬಂತು, ಅದರ ಕಾಗದಪತ್ರದ ಹೆಸರು ಕಚೇರಿಯಿಂದ ಬಂತು.

ಈ ಲೇಖನಕ್ಕೆ ಎರಡು ಪದಗಳ ವ್ಯತ್ಯಾಸ ಮುಖ್ಯ. ಪರವಾನಗಿ ಎಂದರೆ ನೀರಿನ ಮೇಲೆ ಚಲಿಸಲು ಅನುಮತಿ. ನಿಲುಗಡೆ ಎಂದರೆ ದಡಕ್ಕೆ ದೋಣಿ ಕಟ್ಟಿ ನಿಲ್ಲಲು ಇರುವ ಜಾಗ ಮತ್ತು ಹಕ್ಕು. ಲಾರಿಗೆ ಪರ್ಮಿಟ್ ಇದ್ದ ಮಾತ್ರಕ್ಕೆ ಗಂಜ್‌ನಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಲು ಬಿಡುವುದಿಲ್ಲ. ದೋಣಿಗೂ ಹಾಗೆಯೇ.

ಇಂಗ್ಲೆಂಡಿನ ಕಾಲುವೆ ದೋಣಿಗಳು

ಕಾಲುವೆಯಲ್ಲಿ ದೋಣಿ ನಡೆಸುವ ನಿಯಮಗಳು ಬಹಳ ಸ್ಪಷ್ಟವಾಗಿರುವ ದೇಶ ಇಂಗ್ಲೆಂಡ್. ರೈಲು ಬರುವ ಮೊದಲು ಅಲ್ಲಿ ಕಲ್ಲಿದ್ದಲು, ಜೇಡಿಮಣ್ಣಿನ ಪಾತ್ರೆ, ಧಾನ್ಯ ಸಾಗಿಸಲು ಕಾಲುವೆಗಳನ್ನು ತೋಡಿದರು. ಕುದುರೆಯೊಂದು ದಡದ ಮೇಲೆ ನಡೆಯುತ್ತಾ ಹಗ್ಗದಿಂದ ದೋಣಿ ಎಳೆಯುತ್ತಿತ್ತು. ಲಾಕ್‌ಗಳು ಇಕ್ಕಟ್ಟಾಗಿದ್ದುದರಿಂದ ದೋಣಿಗಳ ಅಗಲ ಸುಮಾರು 7 ಅಡಿ ಮಾತ್ರ. ಲಾಕ್ ಎಂದರೆ ಎರಡು ಬಾಗಿಲುಗಳ ನಡುವಿನ ನೀರಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರು ತುಂಬಿದರೆ ದೋಣಿ ಮೇಲೇರುತ್ತದೆ, ನೀರು ಬಿಟ್ಟರೆ ಕೆಳಗಿಳಿಯುತ್ತದೆ. ನೀರಿನಿಂದಲೇ ನಡೆಯುವ ಲಿಫ್ಟ್ ಎನ್ನಬಹುದು.

ಇಂದು ಅಲ್ಲಿ ಸರಕಿಗಿಂತ ಪ್ರವಾಸ ಹೆಚ್ಚು. ಸಾವಿರಾರು ಜನ ದೋಣಿಯಲ್ಲೇ ಮನೆ ಮಾಡಿಕೊಂಡಿದ್ದಾರೆ. 2012ರಿಂದ ‘ಕೆನಾಲ್ ಅಂಡ್ ರಿವರ್ ಟ್ರಸ್ಟ್’ ಎಂಬ ಧರ್ಮಾರ್ಥ ಸಂಸ್ಥೆ ಸುಮಾರು 3200 ಕಿಲೋಮೀಟರ್ ಜಲಮಾರ್ಗ ನೋಡಿಕೊಳ್ಳುತ್ತಿದೆ. ಥೇಮ್ಸ್ ನದಿಯ ಬಹುಭಾಗ ‘ಎನ್ವಿರಾನ್‌ಮೆಂಟ್ ಏಜೆನ್ಸಿ’ಯ ಕೈಯಲ್ಲಿದೆ. ಎರಡರ ನೀರಿಗೂ ಸಲ್ಲುವ ಒಂದೇ ‘ಗೋಲ್ಡ್’ ಪರವಾನಗಿಯೂ ಸಿಗುತ್ತದೆ.

1995ರ ಕಾಯಿದೆಯಂತೆ ಟ್ರಸ್ಟ್‌ನ ಪರವಾನಗಿಗೆ ಮೂರು ಶರತ್ತುಗಳಿವೆ.

1. ದೋಣಿಗೆ ಸುರಕ್ಷತಾ ಪ್ರಮಾಣಪತ್ರ ಇರಬೇಕು. ಗ್ಯಾಸ್, ವಿದ್ಯುತ್, ಇಂಧನದ ಟ್ಯಾಂಕು ಎಲ್ಲವನ್ನೂ ಪರೀಕ್ಷಿಸುತ್ತಾರೆ. ಸಾಮಾನ್ಯವಾಗಿ 4 ವರ್ಷಕ್ಕೊಮ್ಮೆ ಪರೀಕ್ಷೆ.
2. ಬೇರೆಯವರಿಗೆ ಹಾನಿಯಾದರೆ ಭರಿಸುವ ವಿಮೆ ಇರಬೇಕು.
3. ಒಂದೋ ದೋಣಿಗೆ ಕಾಯಂ ನಿಲುಗಡೆ ಇರಬೇಕು, ಇಲ್ಲವೇ ದೋಣಿ ನಿಜವಾಗಿ ಸಂಚರಿಸುತ್ತಿರಬೇಕು. ಹಾಗೆ ಸಂಚರಿಸುವ ದೋಣಿ ಒಂದೇ ಜಾಗದಲ್ಲಿ ಸತತ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ.

ಶುಲ್ಕ ನಿಗದಿಯಾಗುವುದು ಮುಖ್ಯವಾಗಿ ದೋಣಿಯ ಅಳತೆಯ ಮೇಲೆ. ಲಾಕ್‌ನ ಬಾಯಿಯಲ್ಲಿ, ತಿರುವಿನಲ್ಲಿ, ಸೇತುವೆಯ ಕೆಳಗೆ ದೋಣಿ ಕಟ್ಟಬಾರದು. ಹೆಚ್ಚಿನ ಕಾಲುವೆಗಳಲ್ಲಿ ವೇಗ ಗಂಟೆಗೆ 4 ಮೈಲಿ ಮೀರಬಾರದು. ವೇಗವಾಗಿ ಹೋದರೆ ಅಲೆ ಎದ್ದು ದಡದ ಮಣ್ಣು ಕುಸಿಯುತ್ತದೆ, ಕಟ್ಟಿದ ದೋಣಿಗಳ ಹಗ್ಗ ಕಿತ್ತು ಬರುತ್ತದೆ.

ಮೂರನೆಯ ಶರತ್ತನ್ನು ಸ್ವಲ್ಪ ಯೋಚಿಸಿ ನೋಡಿ. ಬಾಡಿಗೆ ಕಟ್ಟಲಾಗದವರು ಕಾಯಂ ಜಾಗವಿಲ್ಲದ ದೋಣಿಯಲ್ಲಿ ಬದುಕುತ್ತಾರೆ. ಅವರು 14 ದಿನಕ್ಕೊಮ್ಮೆ ಜಾಗ ಬದಲಿಸಬೇಕು. ಮಕ್ಕಳ ಶಾಲೆ, ತಂದೆಯ ಕೆಲಸ, ಆಸ್ಪತ್ರೆ ಮಾತ್ರ ದೋಣಿಯ ಹಿಂದೆ ಬರುವುದಿಲ್ಲ. ಇತ್ತ ನಿಯಮ ಇಲ್ಲದಿದ್ದರೆ ಒಳ್ಳೆಯ ದಡವನ್ನೆಲ್ಲ ಮೊದಲು ಬಂದವರೇ ಹಿಡಿದುಕೊಳ್ಳುತ್ತಾರೆ. ದಡ ಕಡಿಮೆ, ದೋಣಿ ಹೆಚ್ಚು. ಅರ್ಥಶಾಸ್ತ್ರದಲ್ಲಿ ಓದುವ ಕೊರತೆ ಮತ್ತು ಹಂಚಿಕೆಯ ಪ್ರಶ್ನೆ ಇದೇ.

ನಮ್ಮ ಕಾಲುವೆಯಲ್ಲಿ ದೋಣಿ ಏಕಿಲ್ಲ?

ತುಂಗಭದ್ರೆಯಿಂದ ದೋಣಿ ನಡೆಸಲೆಂದು ಕಾಲುವೆ ತೋಡಿದ ಇತಿಹಾಸ ನಿಜವಾಗಿಯೂ ಇದೆ. ಸರ್ ಆರ್ಥರ್ ಕಾಟನ್ ಅವರ ಆಲೋಚನೆಯಂತೆ ‘ಮದ್ರಾಸ್ ಇರಿಗೇಶನ್ ಅಂಡ್ ಕೆನಾಲ್ ಕಂಪನಿ’ ಎಂಬ ಖಾಸಗಿ ಕಂಪನಿ ನಮ್ಮ ನದಿಯ ಕೆಳಭಾಗದಲ್ಲಿ, ಕರ್ನೂಲಿನ ಹತ್ತಿರದ ಸುಂಕೇಸುಲದಿಂದ ಕಡಪದ ಕಡೆಗೆ ಕಾಲುವೆ ತೋಡಿತು. 1863ರಿಂದ 1870ರವರೆಗೆ ಕೆಲಸ ನಡೆಯಿತು. ನೀರಾವರಿ ಮತ್ತು ದೋಣಿ ಸಂಚಾರ ಎರಡಕ್ಕೂ ಅದು ಒದಗಬೇಕಿತ್ತು. ಬಂಡವಾಳಕ್ಕೆ ಬಡ್ಡಿ ಬಂದೇ ಬರುತ್ತದೆಂದು ಸರ್ಕಾರ ಖಾತರಿ ಕೊಟ್ಟಿತ್ತು. ಆದರೆ ನಿರೀಕ್ಷಿಸಿದ ಆದಾಯ ಬರಲಿಲ್ಲ. 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಂಡಿತು. ಕೆ.ಸಿ. ಕಾಲುವೆ ಇಂದಿಗೂ ಹೊಲಗಳಿಗೆ ನೀರುಣಿಸುತ್ತದೆ, ಸರಕಿನ ದೋಣಿಗಳು ಮಾತ್ರ ಇಲ್ಲ. ಷೇರುದಾರರ ಲಾಭಕ್ಕೆ ಸರ್ಕಾರದ ಖಾತರಿ ಇದ್ದಾಗ ನಷ್ಟ ಕೊನೆಗೆ ಯಾರ ತಲೆಗೆ ಬರುತ್ತದೆ ಎಂಬುದಕ್ಕೆ ವಾಣಿಜ್ಯ ವಿದ್ಯಾರ್ಥಿಗಳು ಓದಬೇಕಾದ ಉದಾಹರಣೆ ಇದು.

ನಮ್ಮ ಎಡದಂಡೆ ಕಾಲುವೆಯನ್ನು ಕಟ್ಟಿದ್ದು ನೀರಾವರಿಗೆ. ಅಲ್ಲಿ ದೋಣಿ ನಡೆಯದಿರಲು ಕಾರಣಗಳು ಸರಳ. ಕಾಲುವೆಗೆ ನೀರು ಬಿಡುವುದು ಬೆಳೆಯ ಕಾಲಕ್ಕೆ, ಸಲಹಾ ಸಮಿತಿಯ ತೀರ್ಮಾನದಂತೆ. ಉಳಿದ ತಿಂಗಳು ಕಾಲುವೆ ಒಣಗಿರುತ್ತದೆ. ನೀರು ಇಳಿಯುವ ಕಡೆ ದೋಣಿ ಹತ್ತಿಳಿಯಲು ಲಾಕ್‌ಗಳಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಭಾಗದ ರೈತ ಪ್ರತಿ ವರ್ಷ ನೀರಿಗಾಗಿ ಕಾಯುತ್ತಾನೆ. ಭತ್ತಕ್ಕೇ ಸಾಲದ ನೀರನ್ನು ದೋಣಿಗಾಗಿ ನಿಲ್ಲಿಸಿಕೊಳ್ಳಿ ಎಂದು ಇಲ್ಲಿ ಯಾರೂ ಕೇಳಲಾರರು. ಇಂಗ್ಲೆಂಡಿನ ಕಾಲುವೆಯಲ್ಲಿ ನೀರು ನಿಂತಿರಬೇಕು, ನಮ್ಮದರಲ್ಲಿ ಹರಿದು ಹೊಲ ಸೇರಬೇಕು. ಹಾಗಾಗಿ ಕಾಲುವೆಗೆ ಇಳಿದು ಆಟವಾಡುವುದೂ ಅಪಾಯವೇ. ಸಿಮೆಂಟ್ ಇಳಿಜಾರಿನಲ್ಲಿ ಹತ್ತಿ ಬರಲು ಹಿಡಿತ ಸಿಗುವುದಿಲ್ಲ.

ಕಾಗದದ ಮೇಲೆ ರಾಷ್ಟ್ರೀಯ ಜಲಮಾರ್ಗ

2016ರ ರಾಷ್ಟ್ರೀಯ ಜಲಮಾರ್ಗ ಕಾಯಿದೆಯಿಂದ ದೇಶದಲ್ಲಿ ಒಟ್ಟು 111 ರಾಷ್ಟ್ರೀಯ ಜಲಮಾರ್ಗಗಳಾದವು. ಅದರಲ್ಲಿ ನಮ್ಮ ತುಂಗಭದ್ರಾ ನದಿಯ ಸುಮಾರು 230 ಕಿಲೋಮೀಟರ್ 104ನೇ ಸಂಖ್ಯೆಯ ಜಲಮಾರ್ಗ. ಕೃಷ್ಣೆ 4ನೇ ಜಲಮಾರ್ಗದ ಭಾಗ, ಬಾಗಲಕೋಟೆ ಜಿಲ್ಲೆಯ ಗಲಗಲಿಯವರೆಗೆ. ಲಿಂಗಸುಗೂರಿನ ಗಡ್ಡಿಗಳ ಪಕ್ಕದ ನೀರು ಕೂಡ ಕಾನೂನಿನ ಕಣ್ಣಿನಲ್ಲಿ ರಾಷ್ಟ್ರೀಯ ಹೆದ್ದಾರಿಯಂತೆಯೇ!

ಘೋಷಣೆ ಆದ ಮಾತ್ರಕ್ಕೆ ಹಡಗು ಬರುವುದಿಲ್ಲ. ಬೇಸಿಗೆಯಲ್ಲಿ ದಢೇಸೂಗೂರು ಸೇತುವೆಯ ಮೇಲೆ ನಿಂತು ನೋಡಿದರೆ ನೀರಿಗಿಂತ ಮರಳು, ಬಂಡೆಯೇ ಹೆಚ್ಚು ಕಾಣುತ್ತವೆ. ಕೆಳಗಡೆ ರಾಜೋಳಿಬಂಡಾ ಅಣೆಕಟ್ಟೆ ಅಡ್ಡ ಇದೆ. ಮಳೆಗಾಲದಲ್ಲಿ ಜಲಾಶಯದ ಗೇಟು ತೆರೆದರೆ ಕೆಲವೇ ಗಂಟೆಗಳಲ್ಲಿ ನದಿಯ ರೂಪವೇ ಬದಲಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದ ವಾರ ನಮ್ಮ ಕಡೆಯ ಎಲ್ಲರಿಗೂ ಇದು ಅರ್ಥವಾಯಿತು.

ಅನುಮತಿ ಕೊಡುವವರು ಯಾರು?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಈ ಅಧಿಕಾರ ಮೂರು ಪಟ್ಟಿಗಳಲ್ಲಿ ಹಂಚಿಹೋಗಿದೆ. ರಾಷ್ಟ್ರೀಯ ಜಲಮಾರ್ಗದಲ್ಲಿ ಯಂತ್ರದ ದೋಣಿಗಳ ಸಂಚಾರ ಕೇಂದ್ರ ಪಟ್ಟಿಯಲ್ಲಿದೆ. ಇತರ ಒಳನಾಡು ಜಲಮಾರ್ಗಗಳಲ್ಲಿ ಯಂತ್ರದ ದೋಣಿಗಳ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ಕಡವು ಅಥವಾ ದೋಣಿ ದಾಟುವ ಜಾಗ, ಸೇತುವೆ, ರಸ್ತೆ ರಾಜ್ಯ ಪಟ್ಟಿಯಲ್ಲಿವೆ. ಕೇಂದ್ರದಲ್ಲಿ 1986ರಲ್ಲಿ ಸ್ಥಾಪನೆಯಾದ ಒಳನಾಡು ಜಲಮಾರ್ಗ ಪ್ರಾಧಿಕಾರವಿದೆ, ಅದರ ಕಚೇರಿ ನೋಯ್ಡಾದಲ್ಲಿದೆ. ರಾಜ್ಯದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಇದೆ, ಅದರ ಪ್ರಧಾನ ಕಚೇರಿ ಕಾರವಾರದಲ್ಲಿದೆ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಜನ, ಬಸ್ಸು ದಾಟಿಸುತ್ತಿದ್ದ ಲಾಂಚ್ ನಡೆಸಿದ್ದು ಈ ಇಲಾಖೆಯೇ. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ಉದ್ಘಾಟನೆಯಾಯಿತು.

ಹಳೆಯ 1917ರ ಒಳನಾಡು ಹಡಗು ಕಾಯಿದೆಯ ಬದಲು 2021ರಲ್ಲಿ ಹೊಸ ಕಾಯಿದೆ ಬಂತು. ನಮ್ಮ ಅಬ್ಬಾ ರೈಸ್‌ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾರೆ. ಲೋಡ್ ಹೊರಡುವ ಮೊದಲು ಲಾರಿಯ ಕಾಗದಗಳನ್ನು ನೋಡುವುದು ಅವರ ಕೆಲಸದಲ್ಲಿ ಸೇರಿದೆ. ಅದೇ ಲಾರಿಯ ಕಾಗದಗಳೊಂದಿಗೆ ಹೋಲಿಸಿದರೆ ಈ ಕಾಯಿದೆ ಸುಲಭವಾಗಿ ತಿಳಿಯುತ್ತದೆ.

ಲಾರಿಯ ಆರ್‌ಸಿ – ದೋಣಿಯ ನೋಂದಣಿ ಪತ್ರ. ಹೊಸ ಕಾಯಿದೆಯಂತೆ ಇದು ಇಡೀ ದೇಶಕ್ಕೆ ಸಲ್ಲುತ್ತದೆ.
ಲಾರಿಯ ಎಫ್‌ಸಿ – ದೋಣಿಯ ಸರ್ವೆ ಪ್ರಮಾಣಪತ್ರ. ದೋಣಿ ಗಟ್ಟಿಯಾಗಿದೆಯೇ, ಎಷ್ಟು ಜನರನ್ನು ಹೊರಬಲ್ಲದು ಎಂಬ ತಪಾಸಣೆ.
ಚಾಲಕರ ಡಿಎಲ್ – ದೋಣಿ ನಡೆಸುವವರ ಸಾಮರ್ಥ್ಯ ಪ್ರಮಾಣಪತ್ರ.
ಲಾರಿಯ ಇನ್ಶೂರೆನ್ಸ್ – ದೋಣಿಯ ವಿಮೆ.
ಲಾರಿ ಸ್ಟ್ಯಾಂಡ್ – ದೋಣಿಯ ನಿಲುಗಡೆ ಅಥವಾ ಕಡವು.

ಹರಗೋಲಿನಂಥ ಯಂತ್ರವಿಲ್ಲದ ದೋಣಿಗಳಿಗೂ 2021ರ ಕಾಯಿದೆಯಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಅವುಗಳ ಹೆಸರು ದಾಖಲಿಸುವ, ಕನಿಷ್ಠ ಸುರಕ್ಷತೆ ನೋಡಿಕೊಳ್ಳುವ ಕೆಲಸವನ್ನು ರಾಜ್ಯ ಸರ್ಕಾರ ಜಿಲ್ಲೆ, ತಾಲ್ಲೂಕು, ಗ್ರಾಮ ಮಟ್ಟದ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದು. ನನಗೆ ಕಾಯಿದೆಯ ಅತ್ಯಂತ ಉಪಯುಕ್ತ ಭಾಗ ಇದೇ ಅನಿಸಿತು. ಏಕೆಂದರೆ ಗಡ್ಡಿಯ ಅಂಬಿಗ ಕಾರವಾರಕ್ಕೆ ಹೋಗಲಾರ, ಗ್ರಾಮ ಪಂಚಾಯಿತಿಗೆ ಹೋಗಬಲ್ಲ.

ಹರಗೋಲಿನ ಲೋಕ

ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸುಮಾರು 500 ವರ್ಷಗಳ ಹಿಂದೆ ಆನೆಗೊಂದಿಯ ಹತ್ತಿರ ಬುಟ್ಟಿಯಂತೆ ದುಂಡಗಿನ ದೋಣಿಗಳನ್ನು ಕಂಡು ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹತ್ತಬಹುದು, ನೇರ ಹೋಗದೆ ಸುತ್ತುತ್ತಾ ಸಾಗುತ್ತವೆ ಎಂದಿದ್ದಾನೆ. ಈಗ ಚರ್ಮದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ, ಕೆಲವೆಡೆ ಫೈಬರ್ ಹರಗೋಲೂ ಇವೆ. ಆಕಾರ ಅದೇ. ತಳ ಚಪ್ಪಟೆ ಇರುವುದರಿಂದ ಬಂಡೆಗಳ ನಡುವಿನ ತೆಳು ನೀರಿನಲ್ಲೂ ಹೋಗುತ್ತದೆ. ಇದಕ್ಕೆ ಲಂಗರೂ ಬೇಡ. ದಾಟಿದ ಮೇಲೆ ದಡಕ್ಕೆ ಎಳೆದು ಬೋರಲು ಹಾಕಿದರೆ ಮುಗಿಯಿತು. ನಿಲುಗಡೆಯ ಶುಲ್ಕವಿಲ್ಲದ ದೋಣಿ ಎಂದರೆ ಇದೊಂದೇ ಇರಬೇಕು.

ಲಿಂಗಸುಗೂರು ತಾಲ್ಲೂಕಿನ ಕರಕಲಗಡ್ಡಿ, ಮ್ಯಾದರಗಡ್ಡಿಯಂಥ ಜಾಗದ ಕುಟುಂಬಗಳಿಗೆ ನದಿ ದಾಟುವುದು ಮನರಂಜನೆಯಲ್ಲ. ರೇಷನ್, ಕುರಿ, ರೋಗಿ, ಶಾಲೆಯ ಮಗು ಎಲ್ಲವೂ ನೀರು ದಾಟಬೇಕು. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಗಡ್ಡಿಗಳ ಸಂಪರ್ಕ ತಪ್ಪುತ್ತದೆ. ಅಂಥ ದಿನ ನದಿಗಿಳಿಯಬಾರದೆಂದು ಆಡಳಿತ ಎಚ್ಚರಿಸುತ್ತದೆ. ಅದು ಸರಿಯೇ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರವಕುರ್ದಾ ನಡುಗಡ್ಡೆಗೆ ಮರಳುತ್ತಿದ್ದವರ ಹರಗೋಲು ಕೃಷ್ಣೆಯಲ್ಲಿ ಮಗುಚಿ ಪ್ರಾಣಹಾನಿಯಾಯಿತು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುವ ದೋಣಿ ಮುಳುಗಿ 16 ಜನ ತೀರಿಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ, ಅವರಲ್ಲಿ ಅನೇಕರು ಮಕ್ಕಳು. ತಾನೂರಿನ ದೋಣಿ ಮಿತಿಗಿಂತ ಬಹಳ ಹೆಚ್ಚು ಜನರನ್ನು ಹೊತ್ತಿತ್ತು. ಸರ್ವೆ ಪತ್ರದಲ್ಲಿ ಬರೆಯುವ ‘ಇಷ್ಟೇ ಜನ’ ಎಂಬ ಒಂದು ಅಂಕಿಗೆ ಎಷ್ಟು ಬೆಲೆ ಇದೆ ಎಂದು ಇದರಿಂದ ತಿಳಿಯಬೇಕು.

ಹಡಗಿನ ಹೊರಮೈ ಮೇಲೆ ಭಾರದ ಮಿತಿ ತೋರಿಸುವ ಗೆರೆ ಬರೆಯಬೇಕೆಂದು ಇಂಗ್ಲೆಂಡಿನಲ್ಲಿ 1876ರಲ್ಲೇ ಕಾನೂನಾಯಿತು. ಅದಕ್ಕಾಗಿ ಹೋರಾಡಿದ ಸ್ಯಾಮ್ಯುಯಲ್ ಪ್ಲಿಮ್ಸಾಲ್ ಹೆಸರಿನಲ್ಲೇ ಆ ಗೆರೆಯನ್ನು ಕರೆಯುತ್ತಾರೆ. ಗೆರೆ ನೀರಿನಲ್ಲಿ ಮುಳುಗಿದರೆ ಓದು ಬಾರದವನಿಗೂ ಭಾರ ಹೆಚ್ಚಾಯಿತೆಂದು ತಿಳಿಯುತ್ತದೆ. ನಮ್ಮ ಹರಗೋಲುಗಳ ಅಂಚಿಗೂ ದೊಡ್ಡ ಅಂಕಿಯಲ್ಲಿ ಜನರ ಸಂಖ್ಯೆ ಬರೆಯಬಹುದು. ಖರ್ಚು ಒಂದು ಡಬ್ಬಿ ಬಣ್ಣ.

ಸುರಕ್ಷತೆಗೆ ಎಷ್ಟು ಖರ್ಚು? ಒಂದು ಲೆಕ್ಕ

ಸುರಕ್ಷತೆ ದುಬಾರಿ, ಬಡ ಅಂಬಿಗನಿಗೆ ಆಗದು ಎನ್ನುವ ಮಾತಿದೆ. ನಾವು ಕಲಿತ ಸವಕಳಿಯ ಲೆಕ್ಕದಿಂದ ಪರೀಕ್ಷಿಸೋಣ. ಕೆಳಗಿನ ಅಂಕಿಗಳು ಅಭ್ಯಾಸಕ್ಕಾಗಿ ಊಹಿಸಿಕೊಂಡವು.

ಹರಗೋಲಿನ ಬೆಲೆ 18,000 ರೂಪಾಯಿ, ಬಾಳಿಕೆ 3 ವರ್ಷ, ಗುಜರಿ ಬೆಲೆ ಇಲ್ಲ. ಸರಳ ರೇಖಾ ಪದ್ಧತಿಯಲ್ಲಿ ವರ್ಷದ ಸವಕಳಿ 6,000. ಡಾಂಬರು, ದುರಸ್ತಿ 3,000. ಅಂಬಿಗ ಸೇರಿ 10 ಜನರಿಗೆ ತಲಾ 800 ರೂಪಾಯಿಯ ಲೈಫ್ ಜಾಕೆಟ್ ಎಂದರೆ 8,000, ಬಾಳಿಕೆ 4 ವರ್ಷ, ವರ್ಷಕ್ಕೆ 2,000. ದಾಖಲಾತಿ ಮತ್ತು ವಿಮೆಗೆ 1,000. ಒಟ್ಟು ವರ್ಷದ ವೆಚ್ಚ 12,000.

ವರ್ಷಕ್ಕೆ 200 ದಿನ, ದಿನಕ್ಕೆ 4 ಬಾರಿ, ಪ್ರತಿ ಬಾರಿ 9 ಪ್ರಯಾಣಿಕರು ಎಂದರೆ ದಿನಕ್ಕೆ 36 ಜನ. ಜಾಕೆಟ್ ಮತ್ತು ವಿಮೆಯ 3,000 ರೂಪಾಯಿಯನ್ನು 200 ದಿನಕ್ಕೆ ಹಂಚಿದರೆ ದಿನಕ್ಕೆ 15 ರೂಪಾಯಿ. ಅದನ್ನು 36 ಜನಕ್ಕೆ ಹಂಚಿದರೆ ತಲಾ ಸುಮಾರು 42 ಪೈಸೆ.

ಹಾಗಾದರೆ ದಿನನಿತ್ಯದ ವೆಚ್ಚದಲ್ಲಿ ಸುರಕ್ಷತೆ ದುಬಾರಿಯೇನಲ್ಲ. ಕಷ್ಟವಿರುವುದು ಮೊದಲ ದಿನದ 8,000 ರೂಪಾಯಿಯಲ್ಲಿ. ಅದು ಬಂಡವಾಳ ವೆಚ್ಚ, ಅಂಬಿಗನ ಕೈಯಲ್ಲಿ ಒಟ್ಟಿಗೆ ಇರುವುದಿಲ್ಲ. ಇನ್ನೊಂದು ಕಡೆ, ತಲಾ 10 ರೂಪಾಯಿ ಬಾಡಿಗೆ ಎಂದುಕೊಂಡರೆ 9 ಜನರ ಬದಲು 15 ಜನ ಹತ್ತಿಸಿದಾಗ ಆತನಿಗೆ ತಕ್ಷಣ 60 ರೂಪಾಯಿ ಹೆಚ್ಚು ಸಿಗುತ್ತದೆ. ದಂಡದ ಭಯಕ್ಕಿಂತ ಈ 60 ರೂಪಾಯಿಯ ಸೆಳೆತ ದೊಡ್ಡದು. ಆದ್ದರಿಂದ ಜಾಕೆಟ್‌ಗಳನ್ನು ಪಂಚಾಯಿತಿಯೇ ಕೊಂಡು ಕಡವಿನಲ್ಲಿ ಇಟ್ಟು, ದಾಖಲಾದ ಪ್ರತಿ ಅಂಬಿಗನಿಗೂ ಕೊಟ್ಟರೆ ಪರವಾನಗಿ ಪಡೆಯಲು ಅವನೇ ಮುಂದೆ ಬರುತ್ತಾನೆ. ಅರ್ಥಶಾಸ್ತ್ರದಲ್ಲಿ ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸ ಓದಿದ್ದೇವೆ. ಶುಲ್ಕ ಕಟ್ಟಿದವನಿಗೆ ನೇರವಾಗಿ ಏನಾದರೂ ಸೇವೆ ಮರಳಿ ಸಿಗಬೇಕು. ಹಣ ಪಡೆದು ರಸೀದಿ ಮಾತ್ರ ಕೊಡುವ ಪರವಾನಗಿಯನ್ನು ಯಾರೂ ಇಷ್ಟಪಟ್ಟು ಮಾಡಿಸುವುದಿಲ್ಲ.

ಅಮಾನತು ಎಂಬ ಮಾತು

ನಿಯಮ ಮುರಿದ ದೋಣಿಯ ಪರವಾನಗಿಯನ್ನು ‘ಅಮಾನತು’ ಮಾಡುತ್ತಾರೆ. ಕನ್ನಡದ ಕಚೇರಿಯಲ್ಲಿ ಅದರ ಅರ್ಥ ತಾತ್ಕಾಲಿಕ ತಡೆ. ನಮ್ಮ ಮನೆಯಲ್ಲಿ ಅದೇ ಪದಕ್ಕೆ ಬೇರೆ ಅರ್ಥವಿದೆ. ನಂಬಿ ಕೈಗೆ ಒಪ್ಪಿಸಿದ ವಸ್ತು ಅಮಾನತ್, ಅದನ್ನು ಹಾಗೆಯೇ ಮರಳಿಸಬೇಕು. ಹರಗೋಲಿಗೆ ಹತ್ತಿದ ಮಗು ಅಂಬಿಗನ ಕೈಯಲ್ಲಿರುವ ಅಮಾನತ್. ಹರಗೋಲಿಲ್ಲದೆ ದಾಟಲಾಗದ ಗಡ್ಡಿಯ ಜನ ಆಡಳಿತದ ಕೈಯಲ್ಲಿರುವ ಅಮಾನತ್. ಎರಡನೆಯದನ್ನು ಮರೆತು ಪರವಾನಗಿ ರದ್ದು ಮಾಡುವುದಷ್ಟೇ ಆದರೆ, ಜನ ದಾಟುವುದನ್ನು ನಿಲ್ಲಿಸುವುದಿಲ್ಲ, ಕತ್ತಲಲ್ಲಿ ದಾಟುತ್ತಾರೆ. ನೀರು ಏರಿದ ದಿನ ಹರಗೋಲು ನಿಲ್ಲಿಸುವವರು ಅದೇ ದಿನ ರೋಗಿಯನ್ನು ಕರೆತರಲು ಯಂತ್ರದ ದೋಣಿಯನ್ನೂ ಸಿದ್ಧವಾಗಿ ಇಡಬೇಕು. ಕಾಯಂ ಉತ್ತರ ಸೇತುವೆಯೇ, ಅದು ಬರುವವರೆಗೆ ಇದು ಬೇಕು.

ಚರ್ಚೆಗೆ ಪ್ರಶ್ನೆಗಳು

1. ಪರವಾನಗಿ ಮತ್ತು ನಿಲುಗಡೆ ಇವುಗಳ ವ್ಯತ್ಯಾಸವನ್ನು ಸಿಂಧನೂರಿನ ಆಟೋ ಸ್ಟ್ಯಾಂಡ್ ಉದಾಹರಣೆಯಿಂದ ವಿವರಿಸಿ.
2. ಇಂಗ್ಲೆಂಡಿನ 14 ದಿನದ ನಿಯಮ ದಡವನ್ನು ನ್ಯಾಯವಾಗಿ ಹಂಚುತ್ತದೆಯೇ? ಶಾಲೆಗೆ ಹೋಗುವ ಮಗುವಿನ ದೃಷ್ಟಿಯಿಂದ ಯೋಚಿಸಿ.
3. ಮೇಲಿನ ಲೆಕ್ಕದಲ್ಲಿ ದಾಟುವ ದಿನಗಳು 200ರಿಂದ 120ಕ್ಕೆ ಇಳಿದರೆ, ತಲಾ ಸುರಕ್ಷತಾ ವೆಚ್ಚ ಎಷ್ಟಾಗುತ್ತದೆ?
4. ಹರಗೋಲಿನ ವಿಮೆಯಲ್ಲಿ ವಿಮಾಯೋಗ್ಯ ಹಿತಾಸಕ್ತಿ ಯಾರಿಗಿದೆ: ಅಂಬಿಗನಿಗೋ, ಪ್ರಯಾಣಿಕನಿಗೋ, ಪಂಚಾಯಿತಿಗೋ? ಕಾರಣ ಕೊಡಿ.

ಮೂರನೆಯ ಪ್ರಶ್ನೆಯ ಉತ್ತರ ಸುಮಾರು 69 ಪೈಸೆ. ಸರಿ ಬರದಿದ್ದವರು ವಿರಾಮದಲ್ಲಿ ವಾಣಿಜ್ಯ ವಿಭಾಗದ ಕೊಠಡಿಗೆ ಬನ್ನಿ, ಒಟ್ಟಿಗೆ ಕೂತು ಬಿಡಿಸೋಣ. ಉಳಿದ ಮೂರಕ್ಕೆ ಒಂದೇ ಸರಿ ಉತ್ತರವಿಲ್ಲ. ಲಿಂಗಸುಗೂರು ಕಡೆಯಿಂದ ಬರುವ ಗೆಳೆಯರು ಬರೆದು ಕೊಟ್ಟರೆ ಮುಂದಿನ ಸಂಚಿಕೆಗೆ ಇದಕ್ಕಿಂತ ಒಳ್ಳೆಯ ಲೇಖನ ಸಿಗುತ್ತದೆ.